ಆ್ಯಪ್ ಮಳಿಗೆಗಳ ಕಮಿಷನ್: ಸಾರ್ವಜನಿಕರಿಗೆ ಮಾಹಿತಿ

ಮೊಬೈಲ್ ದೂರವಾಣಿಯ ತಂತ್ರಾಂಶಗಳನ್ನು ಅಂತರ್ಜಾಲದ ಮೂಲಕ ಒದಗಿಸುವ ಮಳಿಗೆಯನ್ನು ಆ್ಯಪ್ ಸ್ಟೋರ್ ಎಂದು ಕರೆಯಲಾಗುತ್ತದೆ. ಆಪಲ್ ಸಂಸ್ಥೆಯು 2008ರ ಜುಲೈನಲ್ಲಿ ತನ್ನ ಮಳಿಗೆಯನ್ನು ಆರಂಭಿಸಿದಾಗ, ಮಾರಾಟದ ಮೊತ್ತದಲ್ಲಿ ಶೇ. 30ರಷ್ಟನ್ನು ತಾನು ಇಟ್ಟುಕೊಂಡು ಉಳಿದುದನ್ನು ತಯಾರಕರಿಗೆ ನೀಡುವ ಪದ್ಧತಿಯನ್ನು ಜಾರಿಗೆ ತಂದಿತು. ಗೂಗಲ್ ಸಂಸ್ಥೆಯ ಮಳಿಗೆಯಲ್ಲಿಯೂ ಇದೇ ದರ ರೂಢಿಗೆ ಬಂದಿತು.

ಸದರಿ ಕಮಿಷನ್ ಎಲ್ಲ ವ್ಯವಹಾರಗಳಿಗೂ ಅನ್ವಯಿಸುವುದಿಲ್ಲ. ಆ್ಯಪ್ ಮೂಲಕ ಮುದ್ರಿತ ಪುಸ್ತಕವನ್ನು ತರಿಸಿಕೊಂಡಲ್ಲಿ ಮಳಿಗೆಗೆ ಪಾಲಿಲ್ಲ. ಅದೇ ಪುಸ್ತಕದ ವಿದ್ಯುನ್ಮಾನ ಪ್ರತಿಯನ್ನು ಆ್ಯಪ್‌ನೊಳಗೇ ಕೊಂಡಲ್ಲಿ ಪಾಲುಂಟು. ಬಾಡಿಗೆ ಕಾರು, ಊಟದ ಸರಬರಾಜು ಮುಂತಾದವು ಹೊರಗುಳಿದು, ಪಾಠ, ಸಂಗೀತ, ಆಟಗಳಂತಹ ಡಿಜಿಟಲ್ ಸೇವೆಗಳ ಮೇಲೆಯೇ ಹೊರೆ ಬೀಳುತ್ತದೆ. ಉದಾಹರಣೆಗೆ, ಕನ್ನಡ ಮಾಧ್ಯಮದ ಪಾಠಗಳಿಗೆ ಮಾಸಿಕ ರೂ. 200 ಚಂದಾ ಪಡೆಯುವ ತಯಾರಕರು ಶೇ. 30ರ ದರದಲ್ಲಿ ರೂ. 60 ಬಿಟ್ಟುಕೊಟ್ಟು, ಉಳಿದ ರೂ. 140ರಲ್ಲಿಯೇ ಶಿಕ್ಷಕರ ಸಂಭಾವನೆ ಹಾಗೂ ಇತರ ವೆಚ್ಚಗಳನ್ನು ಭರಿಸಬೇಕಾಗುತ್ತದೆ. ವಾರ್ಷಿಕ ಆದಾಯ 10 ಲಕ್ಷ ಡಾಲರ್ ಮೀರದ ತಯಾರಕರಿಗೆ ಆಪಲ್ 2021ರ ಜನವರಿಯಿಂದ ದರವನ್ನು ಶೇ. 15ಕ್ಕೆ ಇಳಿಸಿತು. ಗೂಗಲ್ ಅದೇ ವರ್ಷದ ಜುಲೈನಿಂದ ಪ್ರತಿ ತಯಾರಕರ ಮೊದಲ 10 ಲಕ್ಷ ಡಾಲರ್ ಆದಾಯಕ್ಕೆ ಇದೇ ರಿಯಾಯಿತಿ ನೀಡಿತು.

ಆ್ಯಪ್‌ಗಳ ಸುರಕ್ಷತಾ ಪರಿಶೀಲನೆ, ವಿತರಣೆ ಮತ್ತು ಹಣ ಪಾವತಿ ವ್ಯವಸ್ಥೆಗೆ ವೆಚ್ಚ ತಗಲುತ್ತದೆ ಎಂಬುದು ಮಳಿಗೆಗಳ ವಾದ. ಇದು ಹುರುಳಿಲ್ಲದ ಮಾತಲ್ಲ. ಆದರೆ ಸೇವೆ ಬೇಡವೆನ್ನುವ ಅವಕಾಶವೇ ಇಲ್ಲದಿದ್ದಲ್ಲಿ ಅದಕ್ಕೆ ವಿಧಿಸಿದ ದರ ನ್ಯಾಯವೇ ಎಂದು ಅಳೆಯಲು ಮಾನದಂಡವೇ ಇರುವುದಿಲ್ಲ. ಭಾರತೀಯ ಸ್ಪರ್ಧಾ ಆಯೋಗವು ಕೈಗೆತ್ತಿಕೊಂಡದ್ದು ಈ ಅಂಶವನ್ನೇ. ಗೂಗಲ್ ತನ್ನದೇ ಪಾವತಿ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿದ್ದು ಸ್ಪರ್ಧಾ ಅಧಿನಿಯಮ, 2002ರ 4ನೇ ಪ್ರಕರಣದ ಉಲ್ಲಂಘನೆಯೆಂದು ಆಯೋಗವು 2022ರ ಅಕ್ಟೋಬರ್ 25ರಂದು ತೀರ್ಮಾನಿಸಿ ರೂ. 936.44 ಕೋಟಿ ದಂಡ ವಿಧಿಸಿತು. ಕಮಿಷನ್ ಇಷ್ಟೇ ಇರತಕ್ಕದ್ದೆಂದು ಆದೇಶದಲ್ಲಿ ನಿಗದಿಪಡಿಸಲಿಲ್ಲ.

ತರುವಾಯ ಗೂಗಲ್ ಬೇರೆ ಪಾವತಿ ವ್ಯವಸ್ಥೆಗೆ ಅನುಮತಿ ನೀಡಿತಾದರೂ ಅದನ್ನು ಬಳಸುವವರಿಗೆ ಕಡಿತಗೊಳಿಸಿದ್ದು ಶೇ. 4 ಅಂಶ ಮಾತ್ರ. ಅಂದರೆ ಶೇ. 30ರ ಬದಲು ಶೇ. 26, ಶೇ. 15ರ ಬದಲು ಶೇ. 11. ಬೇರೆ ವ್ಯವಸ್ಥೆಯ ಶುಲ್ಕವನ್ನು ತಯಾರಕರೇ ತೆರಬೇಕಾದ್ದರಿಂದ ಉಳಿತಾಯ ಅತ್ಯಲ್ಪ. ಶುಲ್ಕದ ವಿವಾದದಿಂದಾಗಿ 2024ರ ಮಾರ್ಚ್‌ನಲ್ಲಿ ವಿವಾಹ ಸಂಬಂಧ, ಉದ್ಯೋಗ ಮಾಹಿತಿ ಮುಂತಾದ ಸೇವೆಗಳ ಕೆಲವು ಭಾರತೀಯ ಆ್ಯಪ್‌ಗಳನ್ನು ಮಳಿಗೆಯಿಂದ ತೆಗೆಯಲಾಗಿ, ಕೇಂದ್ರ ಸರ್ಕಾರದ ಮಧ್ಯಪ್ರವೇಶದ ನಂತರ ಮರಳಿ ಸೇರಿಸಲಾಯಿತು.

ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಾಧಿಕರಣವು 2025ರ ಮಾರ್ಚ್‌ನಲ್ಲಿ ಆಯೋಗದ ತೀರ್ಮಾನವನ್ನು ಭಾಗಶಃ ಎತ್ತಿಹಿಡಿದು ದಂಡವನ್ನು ರೂ. 216.69 ಕೋಟಿಗೆ ಇಳಿಸಿತು. ಇದರ ವಿರುದ್ಧದ ಮೇಲ್ಮನವಿಗಳನ್ನು ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್‌ನಲ್ಲಿ ವಿಚಾರಣೆಗೆ ಅಂಗೀಕರಿಸಿತು.

ಇಂತಹ ನಿರ್ಬಂಧಗಳಿಂದ ಬಾಧಿತರಾದವರು ಮಾತ್ರವಲ್ಲದೆ ಯಾವುದೇ ವ್ಯಕ್ತಿ, ಗ್ರಾಹಕ ಅಥವಾ ವ್ಯಾಪಾರಿ ಸಂಘವು ಅಧಿನಿಯಮದ 19ನೇ ಪ್ರಕರಣದ ಮೇರೆಗೆ ನಿಗದಿತ ಶುಲ್ಕದೊಂದಿಗೆ ಆಯೋಗಕ್ಕೆ ಮಾಹಿತಿ ಸಲ್ಲಿಸಬಹುದಾಗಿದೆ. 2023ರ ತಿದ್ದುಪಡಿಯನ್ವಯ, ಸಾಮಾನ್ಯವಾಗಿ ದೂರಿಗೆ ಕಾರಣ ಉಂಟಾದ ಮೂರು ವರ್ಷಗಳೊಳಗೆ ಇದನ್ನು ಸಲ್ಲಿಸತಕ್ಕದ್ದು.