ಚಿತ್ರ ಬರೆದವರು ಎಲ್ಲಿ ಕುಳಿತಿದ್ದರು?

ಐವತ್ತಕ್ಕೆ ಕಾಲಿಟ್ಟ ವರ್ಷ ನಾನೊಂದು ಡ್ರಾಯಿಂಗ್ ಪುಸ್ತಕ ಕೊಂಡೆ. ಅಂಗಡಿಯವನು "ಮೊಮ್ಮಗುವಿಗಾ ಮೇಡಂ?" ಎಂದು ಕೇಳಿದ. ಹೂಂ ಎಂದುಬಿಟ್ಟೆ. ಹೈಸ್ಕೂಲಿನ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಾಲು ಶತಮಾನದಿಂದ ಬೋಧಿಸುತ್ತ ಬಂದವಳು, ಒಂದು ಪುಸ್ತಕ ಮತ್ತು ಎರಡು ಪೆನ್ಸಿಲ್ಲಿಗಾಗಿ ಸುಳ್ಳು ಹೇಳಿದೆನಲ್ಲ ಎಂದು ದಾರಿಯುದ್ದಕ್ಕೂ ನಗು ಬರುತ್ತಿತ್ತು.

ಈ ಹುಚ್ಚು ಹತ್ತಿದ್ದು ಒಂದು ಜಗಳದಿಂದ. ಮೈಸೂರಿನ ಅಗ್ರಹಾರದಲ್ಲಿ ನಮ್ಮ ತಾಯಿಯ ಮನೆ ಇತ್ತು. ಹೆಂಚಿನ ಮನೆ, ಮುಂದೆ ಉದ್ದನೆಯ ಜಗಲಿ. ಅಪ್ಪ ಹೋದ ಮೇಲೆ ಅದನ್ನು ಮಾರಿದೆವು. ಕೊಂಡವರು ಕೆಡವಿ ಮೂರಂತಸ್ತು ಕಟ್ಟಿದರು. ಅವರದೇನೂ ತಪ್ಪಿಲ್ಲ. ಕೆಲವು ವರ್ಷಗಳ ನಂತರ ಹಬ್ಬಕ್ಕೆ ಬಂದ ನನ್ನ ಅಕ್ಕ ಮಾತಿನ ನಡುವೆ "ಜಗಲಿಯ ಆರು ಕಂಬಕ್ಕೂ ಅಮ್ಮ ಶೇಡಿ ಬಳಿಯುತ್ತಿದ್ದಳು" ಎಂದಳು. ಆರಲ್ಲ, ನಾಲ್ಕು ಎಂದೆ ನಾನು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಟ್ರಂಕಿನಿಂದ ಫೋಟೋಗಳನ್ನೆಲ್ಲ ತೆಗೆದು ಹರಡಿದೆವು. ನಾಮಕರಣ, ಮುಂಜಿ, ಮದುವೆ ಎಲ್ಲ ಇವೆ. ಎಲ್ಲದರಲ್ಲೂ ನಾವು ಸಾಲಾಗಿ ನಿಂತಿದ್ದೇವೆ, ಮನೆಗೆ ಅಡ್ಡವಾಗಿ! ಒಂದರಲ್ಲೂ ಮನೆ ಪೂರ್ತಿಯಾಗಿ ಇಲ್ಲ. ಇಪ್ಪತ್ತು ವರ್ಷ ಆಡಿ ಬೆಳೆದ ಜಗಲಿಗೆ ಎಷ್ಟು ಕಂಬವಿತ್ತೆಂದು ಇಬ್ಬರು ಓದಿದ ಹೆಂಗಸರಿಗೆ ಗೊತ್ತಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ಕತೆಯನ್ನು ನಮ್ಮ ಶಾಲೆಯ ಡ್ರಾಯಿಂಗ್ ಟೀಚರಿಗೆ ಹೇಳಿದಾಗ ಅವರು, "ಭಾನುವಾರ ನಮ್ಮ ಜೊತೆ ಬನ್ನಿ" ಎಂದರು. ಅವರದೊಂದು ಪುಟ್ಟ ಗುಂಪು. ಬೆಳಿಗ್ಗೆ ಏಳಕ್ಕೆ ಊರಿನ ಯಾವುದಾದರೂ ಒಂದು ಕಡೆ ಸೇರುವುದು, ಕಂಡದ್ದನ್ನು ಅಲ್ಲೇ ಕುಳಿತು ಬರೆಯುವುದು, ಒಂಬತ್ತಕ್ಕೆ ಎಲ್ಲರ ಪುಸ್ತಕಗಳನ್ನೂ ಒಂದು ಕಟ್ಟೆಯ ಮೇಲಿಟ್ಟು ನೋಡುವುದು, ಆಮೇಲೆ ಕಾಫಿ. ಫೋಟೋ ನೋಡಿಕೊಂಡು ಬರೆಯುವಂತಿಲ್ಲ. ಕೆಳಗೆ ಜಾಗ, ತಾರೀಕು ಹಾಕಬೇಕು. ಇಂಥ ಗುಂಪುಗಳು ಈಗ ಜಗತ್ತಿನ ಅನೇಕ ಊರುಗಳಲ್ಲಿವೆಯಂತೆ. ಅಮೆರಿಕದ ಸಿಯಾಟಲ್ ನಗರದಲ್ಲಿ ಗೇಬ್ರಿಯಲ್ ಕಂಪನಾರಿಯೋ ಎಂಬ ಪತ್ರಿಕಾ ಚಿತ್ರಕಾರರು 2007ರಲ್ಲಿ ಇದಕ್ಕೊಂದು ರೂಪ ಕೊಟ್ಟು 'ಅರ್ಬನ್ ಸ್ಕೆಚರ್ಸ್' ಎಂದು ಹೆಸರಿಟ್ಟರು. ಹೆಸರು ಹೊಸದು, ಕೆಲಸ ಹಳೆಯದು. ಎಷ್ಟು ಹಳೆಯದೆಂಬುದು ನನಗೆ ತಿಳಿದದ್ದು ಶ್ರೀರಂಗಪಟ್ಟಣಕ್ಕೆ ಹೋದ ದಿನ.

ಗಂಜಾಂನ ಗುಂಬಜ್‌ಗೆ ನಾನು ಪ್ರವಾಸದ ಮಕ್ಕಳನ್ನು ಕರೆದುಕೊಂಡು ಎಷ್ಟೋ ಸಲ ಹೋಗಿದ್ದೇನೆ. ಟಿಪ್ಪು ತನ್ನ ತಂದೆ ಹೈದರಾಲಿಗಾಗಿ ಕಟ್ಟಿಸಿದ್ದು, ಸುತ್ತ 36 ನುಣುಪಾದ ಕರಿಕಲ್ಲಿನ ಕಂಬಗಳು ಎಂದು ಗಿಣಿಪಾಠ ಒಪ್ಪಿಸಿದ್ದೇನೆ. ಒಂದು ಸಲವಾದರೂ ಎಣಿಸಿದ್ದೆನೇ? ಆ ಭಾನುವಾರ ಹುಲ್ಲಿನ ಮೇಲೆ ಕುಳಿತು ಬರೆಯತೊಡಗಿದಾಗ ಕಂಬಗಳು ಒಂದಕ್ಕೊಂದು ಅಂಟಿಕೊಂಡು ಕೈ ಗೊಂದಲಕ್ಕೆ ಬಿತ್ತು. ಎದ್ದು ಒಂದು ಸುತ್ತು ಬಂದು ಬೆರಳು ಮಡಚಿ ಎಣಿಸಿದೆ. ಲೆಕ್ಕ ಸರಿಯಾಗಿತ್ತು. ಆದರೆ ಪಾಠ ಮಾಡುತ್ತಿದ್ದ ಇಷ್ಟು ವರ್ಷ ಅದು ನನ್ನ ಲೆಕ್ಕವಾಗಿರಲಿಲ್ಲ, ಪುಸ್ತಕದ ಲೆಕ್ಕವಾಗಿತ್ತು.

ಇದೇ ಗುಂಬಜ್‌ನ ಚಿತ್ರವನ್ನು ನನಗಿಂತ ಇನ್ನೂರು ವರ್ಷಕ್ಕೂ ಹಿಂದೆ ಒಬ್ಬ ಬರೆದಿದ್ದ. ರಾಬರ್ಟ್ ಹೋಮ್ ಎಂಬ ಆಂಗ್ಲ ಚಿತ್ರಕಾರ. 1791ರಲ್ಲಿ ಮದರಾಸಿಗೆ ಬಂದಿಳಿದ ಆತ ಟಿಪ್ಪುವಿನ ಮೇಲೆ ಯುದ್ಧಕ್ಕೆ ಹೊರಟ ಕಾರ್ನ್‌ವಾಲಿಸನ ಸೈನ್ಯದ ಜೊತೆ ನಡೆದ. ಬೆಂಗಳೂರು, ಸಾವನದುರ್ಗ, ಶಿವಗಂಗೆ ಹೀಗೆ ದಂಡು ಹೋದಲ್ಲೆಲ್ಲ ಹೋಗಿ, ಕಂಡದ್ದನ್ನು ಬರೆದು, 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ. ನಮ್ಮ ನಾಡಿನ ಎಷ್ಟೋ ಕೋಟೆಗಳು ಆಗ ಹೇಗಿದ್ದವೆಂಬುದಕ್ಕೆ ಇಂದಿಗೂ ಆತನ ಚಿತ್ರಗಳೇ ಸಾಕ್ಷಿ.

ಪಾಠಪುಸ್ತಕಗಳಲ್ಲಿ ಇಂಥ ಚಿತ್ರ ಬಂದಾಗ "ಇದು ಕೋಟೆ, ಇದು ನದಿ" ಎಂದು ತೋರಿಸುತ್ತಿದ್ದೆನೇ ಹೊರತು, ಬರೆದವನು ಎಲ್ಲಿ ಕುಳಿತಿದ್ದ ಎಂದು ನಾನೂ ಕೇಳಿರಲಿಲ್ಲ, ಮಕ್ಕಳೂ ಕೇಳಿರಲಿಲ್ಲ. ನಾನೇ ಹುಲ್ಲಿನ ಮೇಲೆ ಜಾಗ ಹುಡುಕಿ ಕುಳಿತಾಗ ಆ ಪ್ರಶ್ನೆ ತಾನಾಗಿ ಬಂತು. ಹೋಮ್ ಕೋಟೆಯೊಳಗೆ ಕುಳಿತು ಬರೆಯಲಾರ, ಅದಿನ್ನೂ ಟಿಪ್ಪುವಿನ ಕೈಯಲ್ಲಿತ್ತು. 1792ರ ಫೆಬ್ರವರಿಯಲ್ಲಿ ಇಂಗ್ಲಿಷರ ಪಡೆ ದ್ವೀಪಕ್ಕೆ ನುಗ್ಗಿ ಬೀಡುಬಿಟ್ಟದ್ದು ಈ ಲಾಲ್‌ಬಾಗಿನಲ್ಲೇ. ಮುತ್ತಿಗೆಯ ಸಾಮಗ್ರಿಗೆಂದು ಇಲ್ಲಿದ್ದ ಸೈಪ್ರಸ್ ಮರಗಳನ್ನು ಕಡಿದರು. ಒಂದು ಕೈ ಮರ ಕಡಿಯುತ್ತಿದ್ದಾಗ ಇನ್ನೊಂದು ಕೈ ಚಿತ್ರ ಬರೆಯುತ್ತಿತ್ತು.

ಆ ಕಾಲದಲ್ಲಿ ಚಿತ್ರ ಬರೆಯುವುದು ಯುದ್ಧವಿದ್ಯೆಯ ಒಂದು ಭಾಗವೇ ಆಗಿತ್ತು. ಇಂಗ್ಲೆಂಡಿನ ವುಲ್ವಿಚ್ ಸೈನಿಕ ಶಾಲೆಯಲ್ಲಿ ಅದಕ್ಕೆಂದೇ ಡ್ರಾಯಿಂಗ್ ಮೇಷ್ಟರಿದ್ದರು. ಪಾಲ್ ಸ್ಯಾಂಡ್ಬಿ ಎಂಬ ಹೆಸರಾಂತ ಚಿತ್ರಕಾರ 1768ರಿಂದ 1796ರವರೆಗೆ ಆ ಕೆಲಸದಲ್ಲಿದ್ದ. ಬೆಟ್ಟದ ಏರು ಎಷ್ಟು, ಕೋಟೆಯ ಗೋಡೆ ಎಲ್ಲಿ ತಗ್ಗು, ಹೊಳೆ ಎಲ್ಲಿ ದಾಟಬಹುದು ಎಂಬುದನ್ನು ಫೋಟೋ ಇಲ್ಲದ ಕಾಲದಲ್ಲಿ ಪೆನ್ಸಿಲ್ಲೇ ಹೇಳಬೇಕಿತ್ತು. ಕಾರ್ನ್‌ವಾಲಿಸನ ದಂಡಿನ ಕೋಲ್‌ಬ್ರೂಕ್, ಅಲನ್, ಹಂಟರ್ ಎಂಬ ಅಧಿಕಾರಿಗಳೂ ಮೈಸೂರು ಸೀಮೆಯ ಚಿತ್ರಗಳನ್ನು ಬರೆದಿದ್ದಾರೆ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಜಿ ಹಲವು ವರ್ಷ ಮೈಸೂರು ರಾಜ್ಯದ ಸರ್ವೆ ನಡೆಸಿದ. ಅವನ ಸಂಗ್ರಹದ ದೇವಸ್ಥಾನ, ವಿಗ್ರಹ, ಬೆಟ್ಟಗಳ ಎಷ್ಟೋ ಚಿತ್ರಗಳು ನಮ್ಮವರೇ ಆದ ನಕಾಶೆಗಾರರ ಕೈಯವು. ಅವು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅನೇಕದರ ಮೇಲೆ ಬರೆದವರ ಹೆಸರಿಲ್ಲ.

ಇನ್ನು ಶ್ರೀರಂಗಪಟ್ಟಣದ ಪತನದ ಅತ್ಯಂತ ದೊಡ್ಡ ಚಿತ್ರ ಬರೆದ ರಾಬರ್ಟ್ ಕೆರ್ ಪೋರ್ಟರ್ ಎಲ್ಲಿ ಕುಳಿತಿದ್ದ? ಲಂಡನ್ನಿನಲ್ಲೇ! ಮೈಸೂರನ್ನು ಕಣ್ಣಾರೆ ಕಾಣದ ಆ ತರುಣ ವರದಿಗಳನ್ನು ಓದಿ, ಹೋಗಿ ಬಂದವರನ್ನು ಕೇಳಿ, 120 ಅಡಿ ಉದ್ದದ ಚಿತ್ರ ಬರೆದು 1800ರಲ್ಲಿ ಪ್ರದರ್ಶನಕ್ಕಿಟ್ಟ. ಜನ ದುಡ್ಡು ಕೊಟ್ಟು ಬಂದು ನೋಡಿದರು. ನೋಡದೇ ಬರೆದ ಚಿತ್ರಕ್ಕೆ ಅಷ್ಟು ದೊಡ್ಡ ಜಾಗ ಬೇಕಾಯಿತು ಎಂದು ನಮ್ಮ ಡ್ರಾಯಿಂಗ್ ಟೀಚರು ನಕ್ಕರು.

ಅಲ್ಲಿಂದ ಮುಂದೆ ಎಲ್ಲಿಗೆ ಹೋದರೂ ನನ್ನ ಕಣ್ಣು ಇದನ್ನೇ ಹುಡುಕುವಂತಾಯಿತು. ಮಗಳ ಮನೆಗೆಂದು ಬೆಂಗಳೂರಿಗೆ ಹೋದಾಗ ಸಿಟಿ ಮಾರ್ಕೆಟ್ಟಿನ ಬಳಿಯ ಕೋಟೆಯ ದಿಲ್ಲಿ ಬಾಗಿಲನ್ನು ಬರೆದೆ. ಅಲ್ಲೊಂದು ಕಲ್ಲಿನ ಫಲಕವಿದೆ. 1791ರ ಮಾರ್ಚ್ 21ರಂದು ಗೋಡೆ ಒಡೆದು ಬ್ರಿಟಿಷರು ನುಗ್ಗಿದ ಜಾಗ ಇದು ಎಂದು ಹೇಳುತ್ತದೆ. ನುಗ್ಗಿದವರ ಕಡೆಯಿಂದ ನಿಂತು ಬರೆದ ಫಲಕ ಅದು. ಅದೇ ಬೆಂಗಳೂರಿನಲ್ಲಿ ರುಮಾಲೆ ಚನ್ನಬಸವಯ್ಯನವರೂ ಇದ್ದರು (1910-1988). ಸ್ವಾತಂತ್ರ್ಯ ಹೋರಾಟಗಾರರು, ಪತ್ರಿಕೋದ್ಯಮದಲ್ಲಿದ್ದವರು. ಆಮೇಲೆ ಬಣ್ಣ ಹಿಡಿದು ಊರಿನ ಹೂಬಿಟ್ಟ ಮರಗಳನ್ನು ಬಯಲಲ್ಲಿ ನಿಂತು ಬರೆದರು. ಅವರು ಬರೆದ ಬೆಂಗಳೂರನ್ನು ಯಾರೂ ಗೆಲ್ಲಬೇಕಾಗಿರಲಿಲ್ಲ.

ಹೆಂಗಸರು? ನನ್ನ ತಾಯಿ ಬದುಕಿನುದ್ದಕ್ಕೂ ಚಿತ್ರ ಬರೆದಳು, ಹೊಸ್ತಿಲ ಆಚೆ ಎರಡು ಮೊಳದಲ್ಲಿ. ಬಗ್ಗಿ ಬರೆಯುವ ರಂಗೋಲಿ ಅದು, ತಲೆ ಎತ್ತಿ ಬೀದಿ ನೋಡಿಕೊಂಡು ಬರೆಯುವುದಲ್ಲ. ಮೇರಿಯಾನ್ ನಾರ್ತ್ ಎಂಬ ಇಂಗ್ಲಿಷ್ ಹೆಂಗಸು ಬಣ್ಣದ ಪೆಟ್ಟಿಗೆ ಹಿಡಿದು ಲೋಕ ಸುತ್ತಿ, 1877ರ ಕೊನೆಯಿಂದ 1879ರವರೆಗೆ ಭಾರತದಲ್ಲೂ ಓಡಾಡಿ, ಮರ ಗಿಡ ಊರುಗಳನ್ನು ಬರೆದಳು. ಅವಳ ಎಂಟುನೂರಕ್ಕೂ ಹೆಚ್ಚು ಚಿತ್ರಗಳಿಗೆ ಲಂಡನ್ನಿನ ಕ್ಯೂ ತೋಟದಲ್ಲಿ 1882ರಲ್ಲಿ ಒಂದು ಗ್ಯಾಲರಿಯೇ ತೆರೆಯಿತು. ಅವಳಿಗೆ ಹಣವಿತ್ತು, ಆಳುವವರ ರಕ್ಷಣೆಯಿತ್ತು. ನಮ್ಮಂಥವರಿಗೆ ಫುಟ್‌ಪಾತಿನ ಮೇಲೆ ಸುಮ್ಮನೆ ಕೂರುವುದೇ ದೊಡ್ಡ ಸಾಹಸ. ತರಕಾರಿ ಚೀಲ ಕೈಯಲ್ಲಿದ್ದರೆ ಯಾರೂ ಏನೂ ಕೇಳುವುದಿಲ್ಲ. ಚೀಲವಿಲ್ಲದೆ ಅರ್ಧ ಗಂಟೆ ಒಂದೆಡೆ ಕುಳಿತು ಬೀದಿ ನೋಡಿದರೆ ನಾಲ್ಕು ಜನ ಬಂದು "ಯಾರಿಗೆ ಕಾಯ್ತಿದೀರಿ?" ಎನ್ನುತ್ತಾರೆ. ಮೊದಲೆರಡು ತಿಂಗಳು ನಾನೂ ಚೀಲ ಒಯ್ಯುತ್ತಿದ್ದೆ, ಮುಚ್ಚಿಡುವುದೇಕೆ!

ಆ ಚೀಲದೊಡನೆಯೇ ಒಂದು ಭಾನುವಾರ ದೇವರಾಜ ಮಾರುಕಟ್ಟೆಗೆ ಹೋದದ್ದು. ಅದರ ಹತ್ತಿರವೇ ಇರುವ ಲ್ಯಾನ್ಸ್‌ಡೌನ್ ಕಟ್ಟಡವನ್ನು ವೈಸ್‌ರಾಯ್ ಲ್ಯಾನ್ಸ್‌ಡೌನನ ಹೆಸರಿನಲ್ಲಿ 1892ರಲ್ಲಿ ಕಟ್ಟಿದ್ದು. ಅಲ್ಲಿಯ ಹಳೇ ಪುಸ್ತಕದಂಗಡಿಗಳಲ್ಲಿ ಅಪ್ಪ ನನಗೆ ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಡಿಸುತ್ತಿದ್ದರು. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರ ಆಗಸ್ಟ್‌ನಲ್ಲಿ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲ ಕಡೆಯೂ ಕುಸಿಯಿತು. ಕೆಡವಿ ಕಟ್ಟಬೇಕೋ, ದುರಸ್ತಿ ಮಾಡಬೇಕೋ ಎಂಬ ವಾದ ವರ್ಷಗಟ್ಟಲೆ ನಡೆದು ಹೈಕೋರ್ಟಿನವರೆಗೆ ಹೋಯಿತು.

ಹೂವಿನ ಸಾಲಿನಲ್ಲಿ ಒಂದು ಖಾಲಿ ಬುಟ್ಟಿ ಬೋರಲು ಹಾಕಿ ಕುಳಿತು ಬರೆಯುತ್ತಿದ್ದೆ. ಎದುರಿನ ಹೂವಿನಾಕೆ ಮೊದಲು ಓರೆಗಣ್ಣಲ್ಲಿ ನೋಡಿದಳು. ಆಮೇಲೆ ಮಾಲೆ ಕಟ್ಟುವುದನ್ನು ನಿಲ್ಲಿಸಿ ಎದ್ದು ಬಂದಳು.

"ಸರ್ವೆಗೆ ಬಂದಿದೀರಾ?"

"ಇಲ್ಲಮ್ಮ, ಸುಮ್ಮನೆ ಚಿತ್ರ ಬರೀತಿದೀನಿ."

"ಸುಮ್ಮನೆ ಯಾರು ಬರೀತಾರೆ? ಮೊದಲು ಬರೆಯೋರು ಬರ್ತಾರೆ, ಹಿಂದಿಂದ ಒಡೆಯೋರು ಬರ್ತಾರೆ."

ನನ್ನ ಪೆನ್ಸಿಲ್ ಅಲ್ಲಿಯೇ ನಿಂತಿತು. ಶಾಲೆಯ ಮೆಟ್ಟಿಲು ಹತ್ತಿದ್ದಳೋ ಇಲ್ಲವೋ, 1792ರ ಚರಿತ್ರೆಯನ್ನು ಒಂದೇ ಮಾತಿನಲ್ಲಿ ಹೇಳಿದ್ದಳು. ನಾನು ಬಿಎಡ್ ಮಾಡಿ ಇಪ್ಪತ್ತೈದು ವರ್ಷ ಪಾಠ ಹೇಳಿ ಗುಂಬಜ್‌ನ ಹುಲ್ಲಿನ ಮೇಲೆ ಕಂಡುಕೊಂಡದ್ದು ಅವಳಿಗೆ ಮೊದಲೇ ಗೊತ್ತಿತ್ತು. ಅವಳ ಅನುಮಾನಕ್ಕೆ ಉತ್ತರ ಹೇಳಲು ನನ್ನಲ್ಲಿ ಮಾತಿರಲಿಲ್ಲ. ನನ್ನ ತಾಯಿಯ ಮನೆಯ ಕತೆ ಹೇಳಿದೆ, ಕಂಬದ ಜಗಳ ಹೇಳಿದೆ. ಅವಳು ಕೇಳಿಸಿಕೊಂಡು ಪುಸ್ತಕ ಕಸಿದುಕೊಂಡಳು.

"ಇದೇನು, ನನ್ನ ತಲೆ ಮೇಲಿನ ದೀಪಾನೇ ಹಾಕಿಲ್ಲ. ಆ ಕಡೆ ಗೂಟದಲ್ಲಿ ತಕ್ಕಡಿ ಇದೆ ನೋಡಿ, ನಮ್ಮತ್ತೆ ಕಾಲದ್ದು. ಅದೂ ಬರಲಿ."

ಹೀಗೆ ಅವಳು ಹೇಳಿದಳು, ನಾನು ಬರೆದೆ. ಅತ್ತೆ ಕೂರುತ್ತಿದ್ದ ಮೂಲೆ, ಮಳೆ ಬಂದರೆ ಸೋರುವ ಜಾಗ, ಹೂ ನೆನೆಹಾಕುವ ಬಕೀಟು. ದಂಡಿನ ಜೊತೆ ಬಂದ ಚಿತ್ರಕಾರರಿಗೆ ಹೀಗೆ ಹೇಳಿಕೊಡಲು ಕೋಟೆಯೊಳಗಿನ ಯಾರೂ ಪಕ್ಕದಲ್ಲಿರಲಿಲ್ಲ. ಅವರ ಚಿತ್ರಗಳಲ್ಲಿ ರೇಖೆ ನನ್ನದಕ್ಕಿಂತ ನೂರು ಪಾಲು ಚೆನ್ನ. ಆದರೆ ಸೋರುವ ಜಾಗ ಯಾವುದೆಂದು ಹೊರಗೆ ಕುಳಿತವರಿಗೆ ಹೇಗೆ ತಿಳಿಯಬೇಕು? ಕೊನೆಯಲ್ಲಿ ಅವಳು ಕೇಳಿಕೊಂಡಂತೆ ಚಿತ್ರದ ಕೆಳಗೆ ತಾರೀಕಿನ ಜೊತೆ ಅವಳ ಹೆಸರನ್ನೂ ಅವಳ ಅತ್ತೆಯ ಹೆಸರನ್ನೂ ಬರೆದೆ. ಆಕೆ ನನ್ನ ಚೀಲಕ್ಕೆ ಒಂದು ಮೊಳ ಕಾಕಡ ಹಾಕಿದಳು. ಆ ವಾರದಿಂದ ಬರೀ ಪುಸ್ತಕ ಹಿಡಿದೇ ಹೋಗುತ್ತೇನೆ.

ಈಗ ನಾನು ತರಗತಿಯಲ್ಲಿ ಯಾವ ಹಳೆಯ ಚಿತ್ರ ತೋರಿಸಿದರೂ ಮಕ್ಕಳನ್ನು ಮೊದಲು ಕೇಳುವುದು ಒಂದೇ: ಇದನ್ನು ಬರೆದವರು ಎಲ್ಲಿ ಕುಳಿತಿದ್ದರು? ಅರಮನೆಯ ಕಲ್ಯಾಣ ಮಂಟಪದ ಗೋಡೆಯಲ್ಲಿರುವ ದಸರಾ ಮೆರವಣಿಗೆಯ 26 ಚಿತ್ರಗಳ ಮುಂದೆಯೂ ಇದನ್ನೇ ಕೇಳಿದೆ. 1934 ಮತ್ತು 1945ರ ನಡುವೆ ಮೈಸೂರಿನ ಕಲಾವಿದರು ನಿಜವಾದ ಮೆರವಣಿಗೆಯ ಫೋಟೋಗಳ ಆಧಾರದಿಂದ ಬರೆದವು ಅವು. ಒಬ್ಬ ಹುಡುಗಿ ಬಹಳ ಹೊತ್ತು ನೋಡಿ, "ಜನರ ಜೊತೆ ನಿಂತಿದ್ದರು ಮಿಸ್" ಎಂದಳು. ಪೂರ್ತಿ ಸರಿಯೋ ತಪ್ಪೋ, ಅವಳು ನೋಡಿದಳಲ್ಲ!

ಕಳೆದ ಬೇಸಗೆಯಲ್ಲಿ ಅಕ್ಕ ಬಂದಾಗ ಇಬ್ಬರೂ ಊಟದ ಮೇಜಿನ ಮೇಲೆ ಒಂದು ದೊಡ್ಡ ಹಾಳೆ ಹರಡಿ ನಮ್ಮ ಅಗ್ರಹಾರದ ಮನೆಯನ್ನು ನೆನಪಿನಿಂದ ಬರೆದೆವು. ಗುಂಪಿನ ನಿಯಮದ ಪ್ರಕಾರ ಇದು ತಪ್ಪು, ಎದುರಿಗಿಲ್ಲದ್ದನ್ನು ಬರೆಯಬಾರದು. ಆದರೂ ಬರೆದೆವು. ಅಡುಗೆಮನೆಯ ಗವಾಕ್ಷಿ, ಬಚ್ಚಲ ಹಂಡೆ, ತುಳಸಿಕಟ್ಟೆ ಎಲ್ಲಕ್ಕೂ ಇಬ್ಬರೂ ಒಪ್ಪಿದೆವು. ಜಗಲಿಗೆ ಬಂದಾಗ ಮತ್ತೆ ಅದೇ ಮಾತು. ಅವಳದು ಆರು, ನನ್ನದು ನಾಲ್ಕು. ನಾಲ್ಕು ಕಂಬಗಳನ್ನು ಗಟ್ಟಿ ಗೆರೆಯಲ್ಲಿ ಬರೆದು, ಉಳಿದೆರಡನ್ನು ಚುಕ್ಕಿಗಳಲ್ಲಿ ಬಿಟ್ಟಿದ್ದೇನೆ. ಅಕ್ಕನಿಗೆ ಅದು ಸಮಾಧಾನವಿಲ್ಲ. ಹೋಗುವಾಗ ಪೆನ್ಸಿಲ್ ತೆಗೆದು ಒಂದಷ್ಟು ಚುಕ್ಕಿಗಳನ್ನು ಸೇರಿಸಿಯೇ ಹೋದಳು.