‘ವರೆಗೆ’ ಎಂದರೆ ಎಲ್ಲಿಯವರೆಗೆ?

ಮುಂಬಯಿಯಿಂದ ಉತ್ತರಕ್ಕೆ ಹೊರಟ ರೈಲು ಮೊದಲು ಸೂರತ್, ಅನಂತರ ವಡೋದರಾ, ಆಮೇಲೆ ಅಹಮದಾಬಾದ್ ಮುಟ್ಟುತ್ತದೆ. ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯ ಹಳಿ 1863ರಲ್ಲಿ ಅಹಮದಾಬಾದನ್ನು ತಲುಪಿತು. ಹಳಿಯ ಮೇಲಿನ ಈ ಕ್ರಮ ಅಂದಿನಿಂದ ಬದಲಾಗಿಲ್ಲ. ಇಂಗ್ಲಿಷ್ ಅಕಾರಾದಿಯಲ್ಲಿ ಬರೆದರೆ ಅದೇ ಊರುಗಳು ಅಹಮದಾಬಾದ್, ಸೂರತ್, ವಡೋದರಾ ಎಂದಾಗುತ್ತವೆ. ಕನ್ನಡದಲ್ಲಿ ‘ವ’ ಮೊದಲು, ‘ಸ’ ಅನಂತರ. ಆದ್ದರಿಂದ ಅಹಮದಾಬಾದ್, ವಡೋದರಾ, ಸೂರತ್. ಊರುಗಳು ಮೂರು, ಸಾಲುಗಳೂ ಮೂರು.

ಇದನ್ನು ನಾವು ಕೇವಲ ಕುತೂಹಲಕ್ಕೆ ಹೇಳುತ್ತಿಲ್ಲ. ಗುಜರಾತಿನಲ್ಲಿ ಸೇವೆಯಲ್ಲಿದ್ದಾಗ ನಮ್ಮ ಕಣ್ಣೆದುರಿಗೇ ಒಂದು ಪ್ರಮಾದ ನಡೆಯಿತು. ಒಂದು ಕಚೇರಿಯಲ್ಲಿ ಮೂರೂ ಊರುಗಳ ನೌಕರರಿಗೆ ಬಾಕಿ ಭತ್ಯೆ ಕೊಡಲು ಪಟ್ಟಿ ಸಿದ್ಧವಾಗಬೇಕಿತ್ತು. ‘ಅಹಮದಾಬಾದಿನಿಂದ ವಡೋದರಾದವರೆಗೆ’ ಎಂದು ಗಣಕಕ್ಕೆ ಹೇಳಲಾಯಿತು. ಅಹಮದಾಬಾದ್ ಮತ್ತು ಸೂರತ್‌ನವರ ಹೆಸರು ಬಂದವು. ವಡೋದರಾದವರ ಒಂದು ಹೆಸರೂ ಬರಲಿಲ್ಲ. ಪಟ್ಟಿ ಉದ್ದವಾಗಿಯೇ ಇದ್ದುದರಿಂದ ಯಾರಿಗೂ ಸಂಶಯ ಹುಟ್ಟಲಿಲ್ಲ. ನಿವೃತ್ತಿಯ ಅಂಚಿನಲ್ಲಿದ್ದ ಜವಾನರೊಬ್ಬರು ಎರಡು ತಿಂಗಳ ಬಳಿಕ ಬಂದು, “ಸಾಹೇಬರೇ, ನಮ್ಮೂರನ್ನು ಮರೆತಿರಾ?” ಎಂದು ಕೇಳಿದಾಗಲೇ ವಿಷಯ ಬಯಲಾದದ್ದು. ಯಂತ್ರ ಮರೆತಿರಲಿಲ್ಲ. ‘ವರೆಗೆ’ ಎಂಬುದಕ್ಕೆ ಅದು ಕೊಟ್ಟ ಅರ್ಥವೇ ಬೇರೆಯಾಗಿತ್ತು.

ಆ ಅರ್ಥಕ್ಕೂ ಒಂದು ಚರಿತ್ರೆಯಿದೆ. ಜಾವಾ ಭಾಷೆಯ 1.2ನೆಯ ಆವೃತ್ತಿ 1998ರ ಡಿಸೆಂಬರಿನಲ್ಲಿ ಹೊರಬಂದಾಗ, ಜೋಶುವಾ ಬ್ಲಾಕ್ ಅವರು ರೂಪಿಸಿದ ಸಂಗ್ರಹಗಳ ವ್ಯವಸ್ಥೆ ಅದರೊಂದಿಗೆ ಬಂದಿತು. ಅದರಲ್ಲೊಂದು ‘ಸಾರ್ಟೆಡ್‌ಸೆಟ್’: ಯಾವುದೂ ಎರಡು ಸಲ ಬಾರದ, ಸದಾ ಕ್ರಮದಲ್ಲಿಯೇ ಇರುವ ಗಣ. ಅದನ್ನು ನಿಜವಾಗಿಸುವ ‘ಟ್ರೀಸೆಟ್’ನ ಒಳಗಿರುವುದು ಕೆಂಪು-ಕಪ್ಪು ಮರ, ಗೀಬಾಸ್ ಮತ್ತು ಸೆಜ್‌ವಿಕ್ ಎಂಬ ವಿದ್ವಾಂಸರು 1978ರಲ್ಲಿ ಆ ಹೆಸರಿನಿಂದ ವಿವರಿಸಿದ ರಚನೆ. ಹತ್ತು ಲಕ್ಷ ಹೆಸರುಗಳಿದ್ದರೂ ಸುಮಾರು ನಲವತ್ತು ಹೋಲಿಕೆಗಳೊಳಗೆ ಬೇಕಾದುದು ಸಿಕ್ಕುತ್ತದೆ.

ಈ ಗಣದಿಂದ ಒಂದು ಭಾಗವನ್ನು ಕೇಳಲು ‘ಸಬ್‌ಸೆಟ್’ ಎಂಬ ವಿಧಾನವಿದೆ. ಅದು ಮೊದಲ ಎಲ್ಲೆಯನ್ನು ಒಳಗೊಳ್ಳುತ್ತದೆ, ಕೊನೆಯ ಎಲ್ಲೆಯನ್ನು ಹೊರಗಿಡುತ್ತದೆ. ಇದು ಹುಚ್ಚಾಟವಲ್ಲ. ಡಚ್ ಗಣಕವಿಜ್ಞಾನಿ ಡೈಕ್‌ಸ್ಟ್ರಾ 1982ರಲ್ಲಿ ಬರೆದ ಪುಟ್ಟ ಟಿಪ್ಪಣಿಯೊಂದರಲ್ಲಿ ಇಂಥ ಎಲ್ಲೆಯನ್ನೇ ಸಮರ್ಥಿಸಿದ್ದರು: ಒಂದು ಭಾಗ ಮುಗಿಯುವಲ್ಲಿಯೇ ಮುಂದಿನದು ಆರಂಭವಾಗುತ್ತದೆ, ನಡುವೆ ಬಿರುಕೂ ಇಲ್ಲ, ಮೇಲೆ ಬೀಳುವಿಕೆಯೂ ಇಲ್ಲ. 2006ರ ಜಾವಾ 6ರಲ್ಲಿ ‘ನ್ಯಾವಿಗೇಬಲ್‌ಸೆಟ್’ ಬಂದ ಮೇಲೆ, ಕೊನೆಯ ಎಲ್ಲೆ ಒಳಗೋ ಹೊರಗೋ ಎಂದು ನಾವೇ ಹೇಳಬಹುದಾಯಿತು. ಆದರೆ ಹೇಳಬೇಕೆಂದು ನಮಗೆ ತೋರಬೇಕಷ್ಟೆ.

ಎರಡನೆಯ ಸಂಗತಿ, ಹೀಗೆ ದೊರೆತ ಭಾಗ ಪ್ರತಿಯಲ್ಲ, ನೋಟ. ಇದನ್ನು ತಿಳಿಯಲು ವಡೋದರಾಕ್ಕೇ ಹೋಗೋಣ. ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದ ಗ್ರಂಥಪಾಲಕ ವಿಲಿಯಂ ಆಲನ್ಸನ್ ಬೋರ್ಡನ್ ಅವರನ್ನು ಕರೆಸಿ, ಸಂಸ್ಥಾನದ ಗ್ರಂಥಾಲಯಗಳನ್ನು ಕಟ್ಟುವ ಕೆಲಸ ಒಪ್ಪಿಸಿದರು. ಕೇಂದ್ರ ಗ್ರಂಥಾಲಯದಿಂದ ಹಳ್ಳಿಗಳಿಗೆ ಪುಸ್ತಕ ತುಂಬಿದ ಪೆಟ್ಟಿಗೆಗಳು ಸಂಚರಿಸಿದವು. ಹಳ್ಳಿಗೆ ಹೋದ ಪೆಟ್ಟಿಗೆ ಮೂಲದಿಂದ ಬೇರ್ಪಟ್ಟ ತುಂಡು. ಕೇಂದ್ರಕ್ಕೆ ನಾಳೆ ಬರುವ ಪುಸ್ತಕ ಅದರಲ್ಲಿ ತಾನಾಗಿ ಕಾಣದು. ಗ್ರಂಥಾಲಯದ ಕಾರ್ಡ್ ಸೂಚಿಯಲ್ಲಿ ಎರಡು ಗುರುತುಗಳನ್ನಿಟ್ಟು ನಡುವಣ ಭಾಗವನ್ನು ನೋಡುವುದು ಬೇರೆ. ಅಲ್ಲಿ ಕಾಣುವುದು ಸೂಚಿಯೇ. ಹೊಸ ಕಾರ್ಡು ಸೇರಿದರೆ ಕೂಡಲೇ ಕಾಣುತ್ತದೆ. ಅಲ್ಲಿಂದ ತೆಗೆದರೆ ಮೂಲದಿಂದಲೇ ಹೋಗುತ್ತದೆ. ಜಾವಾದ ಉಪಗಣ ಈ ಎರಡನೆಯ ಬಗೆಯದು. ಎಲ್ಲೆಯ ಹೊರಗಿನ ಹೆಸರನ್ನು ಅದರ ಮೂಲಕ ಸೇರಿಸಹೋದರೆ ಅದು ನಿರಾಕರಿಸುತ್ತದೆ. ನೋಟವನ್ನು ಬರಿದು ಮಾಡಿದರೆ ಮೂಲಗಣದ ಆ ಭಾಗವೇ ಬರಿದಾಗುತ್ತದೆ.

ಪ್ರತಿಯೂ ಬೇಡದ ವಸ್ತುವಲ್ಲ. ಒಂದು ದಿನ ಯಾರಿಗೆ ಎಷ್ಟು ಸಂದಾಯವಾಯಿತೆಂಬ ದಾಖಲೆ ಆ ದಿನದಂತೆಯೇ ನಿಲ್ಲಬೇಕು. ಅದಕ್ಕೆ ಹೊಸ ಗಣವನ್ನೇ ಕಟ್ಟಿಕೊಳ್ಳಬೇಕು. ನೋಟ ಇಂದಿನದು, ಪ್ರತಿ ಅಂದಿನದು. ಇವನ್ನು ಅದಲುಬದಲು ಮಾಡಿದಾಗ ಕಚೇರಿಯೂ ಕೆಡುತ್ತದೆ, ಇತಿಹಾಸವೂ ಕೆಡುತ್ತದೆ.

ಮೂರನೆಯದು, ಎಲ್ಲಕ್ಕೂ ಅಡಿಪಾಯವಾದ ಕ್ರಮ. 1974ರಲ್ಲಿ ಬರೋಡಾ ಅಧಿಕೃತವಾಗಿ ವಡೋದರಾ ಆಯಿತು. ಇಂಗ್ಲಿಷ್ ಸಾಲಿನಲ್ಲಿ ನಡುವೆ ಇದ್ದ ಊರು ಕೊನೆಗೆ ಜಾರಿತು. ಕನ್ನಡದಲ್ಲಿ ‘ಬ’ಕಾರವಾಗಲಿ ‘ವ’ಕಾರವಾಗಲಿ, ಅದು ಅಹಮದಾಬಾದ್ ಮತ್ತು ಸೂರತ್‌ಗಳ ನಡುವೆಯೇ ಉಳಿಯಿತು. ನಮ್ಮ ಕಚೇರಿಯ ಪಟ್ಟಿ ಹಳೆಯ ಹೆಸರಿನಲ್ಲಿದ್ದಿದ್ದರೆ, ಅದೇ ಅಜಾಗ್ರತೆಗೆ ಬಲಿಯಾಗುವವರು ಸೂರತ್‌ನವರಾಗಿರುತ್ತಿದ್ದರು!

ಕನ್ನಡಿಗರು ಇಲ್ಲಿ ಇನ್ನೊಂದು ಮಾತನ್ನು ಗಮನಿಸಬೇಕು. ನಮ್ಮ ವರ್ಣಮಾಲೆಯಲ್ಲಿ ‘ಳ’ ಬರುವುದು ‘ಹ’ದ ಅನಂತರ, ಗುಜರಾತಿಯಲ್ಲೂ ಹಾಗೆಯೇ. ಯುನಿಕೋಡಿನಲ್ಲಾದರೋ ಅದು ‘ಲ’ ಮತ್ತು ‘ವ’ಗಳ ನಡುವೆ ಇದೆ, ಭಾರತೀಯ ಲಿಪಿಗಳಿಗೆಲ್ಲ ಒಂದೇ ವಿನ್ಯಾಸವಿರಲೆಂದು ರೂಪುಗೊಂಡ ಇಸ್ಕಿ ಸಂಕೇತದಿಂದ ಬಂದ ಬಳುವಳಿ. ಜಾವಾ ತನ್ನಷ್ಟಕ್ಕೆ ಪದಗಳನ್ನು ಸಂಕೇತಸಂಖ್ಯೆಯಿಂದಲೇ ಹೋಲಿಸುತ್ತದೆ. ಹೀಗಾಗಿ ನಿಘಂಟಿನ ಕ್ರಮದಲ್ಲಿ ಮಹಾಲಿಂಗಪುರದ ಅನಂತರ ಬರಬೇಕಾದ ಮಳವಳ್ಳಿ, ಯಂತ್ರದ ಸಾಲಿನಲ್ಲಿ ಮೊದಲೇ ಬಂದು ನಿಲ್ಲುತ್ತದೆ. ಅಂಥ ಸಾಲಿನಿಂದ ಮಹಾಲಿಂಗಪುರದಿಂದ ಮುಂದಿನವರನ್ನು ಕೇಳಿದರೆ ಮಳವಳ್ಳಿಯವರು ಸಿಕ್ಕುವುದಿಲ್ಲ. ಹೋಲಿಕೆಯ ನಿಯಮವನ್ನು ನಾವೇ ಒದಗಿಸಲು ಜಾವಾದಲ್ಲಿ ಅವಕಾಶವಿದೆ. ಒದಗಿಸದಿದ್ದರೆ ಅದು ನಮ್ಮ ಅಕ್ಷರಮಾಲೆಯನ್ನು ಊಹಿಸಿಕೊಳ್ಳದು.

ಆ ಜವಾನರಿಗೆ ಬಾಕಿ ಹಣ ಮುಂದಿನ ತಿಂಗಳು ಸಂದಿತು. ತಿದ್ದಬೇಕಾಗಿದ್ದುದು ಒಂದೇ ಒಂದು ಪದ. ಅಂದಿನಿಂದ ಯಾವ ಪಟ್ಟಿ ನಮ್ಮ ಮೇಜಿಗೆ ಬಂದರೂ ನಾವು ಮೊದಲು ಅದರ ಕೊನೆಯ ಸಾಲನ್ನು ನೋಡುತ್ತೇವೆ. ಅದರ ಮುಂದೆ ಯಾರಿರಬೇಕಿತ್ತೆಂದು ಕೇಳಿಕೊಂಡ ಬಳಿಕವೇ ಸಹಿ ಹಾಕುತ್ತೇವೆ.