ಮಗ್ಗದ ವೇಗ, ಮಗ್ಗದ ಆಯುಷ್ಯ

ಕೃಷ್ಣಾ ಘಟಪ್ರಭೆಗಳ ನಡುವಣ ಜಮಖಂಡಿ, ಮುಧೋಳ, ಬೀಳಗಿಗಳ ಸೀಮೆಯಲ್ಲಿ ಉಳಿದ ಊರುಗಳು ಹೆಚ್ಚಾಗಿ ಹೊಲವನ್ನು ನೆಚ್ಚಿದರೆ, ರಬಕವಿ-ಬನಹಟ್ಟಿಗಳು ನೂಲನ್ನು ನೆಚ್ಚಿದವು. 1948ರವರೆಗೂ ಪಟವರ್ಧನ ಮನೆತನದ ಆಳ್ವಿಕೆಗೊಳಪಟ್ಟಿದ್ದ ಈ ಜೋಡಿ ಪಟ್ಟಣಗಳಲ್ಲಿ, ನೇಕಾರನು ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು, ಲಾಳಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತ ಸೀರೆ ನೇಯುತ್ತಿದ್ದ ಕಾಲದಲ್ಲಿ, ಮಗ್ಗದ ವೇಗವೆಂಬುದು ಅವನ ತೋಳಿನ ವೇಗವೇ ಆಗಿದ್ದಿತು. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಎಂಬಾತನು ಹಕ್ಕುಪತ್ರ ಪಡೆದ, ಹಗ್ಗವೆಳೆದೊಡನೆ ತಾನೇ ಓಡುವ ಲಾಳಿಯು ನಮ್ಮ ನಾಡಿಗೆ ಬಹು ತಡವಾಗಿ ಬಂದು ಆ ಮಿತಿಯನ್ನು ಮುರಿಯಿತು. ತರುವಾಯ ಬಂದ ವಿದ್ಯುತ್ ಮಗ್ಗವಂತೂ ತೋಳಿಗೇ ನಿವೃತ್ತಿ ಕೊಟ್ಟಿತು.

ಮೋಟಾರಿನ ಪುಲ್ಲಿಯನ್ನು ತುಸು ಹಿರಿದು ಮಾಡಿದರೆ ಮಗ್ಗವು ಶೀಘ್ರವಾಗಿ ಓಡುವುದು ನಿಜವೇ. ಆದರೆ ಲಾಳಿಯ ವೇಗ ಇಮ್ಮಡಿಯಾದರೆ ಅದರ ಚಲನಶಕ್ತಿ ನಾಲ್ಮಡಿಯಾಗುವುದೆಂಬ ಪ್ರಕೃತಿನಿಯಮವು ಯಾರ ದಾಕ್ಷಿಣ್ಯಕ್ಕೂ ಒಳಗಾಗದು. ಅಷ್ಟೂ ಶಕ್ತಿಯನ್ನು ಎರಡು ಬದಿಯ ಪೆಟ್ಟಿಗೆಗಳು ಹೊಡೆತಹೊಡೆತಕ್ಕೂ ತಡೆದು ನಿಲ್ಲಿಸಬೇಕು. ಮರ ಸೀಳುತ್ತದೆ, ಚರ್ಮದ ಪಟ್ಟಿ ಸವೆಯುತ್ತದೆ, ಹಾಸಿನ ಎಳೆ ಹರಿಯುತ್ತದೆ; ಉಳಿಸಿದ ಕಾಲವೆಲ್ಲ ಗಂಟು ಹಾಕುವುದರಲ್ಲೇ ವ್ಯಯವಾಗುತ್ತದೆ. (ಲೋಭಕ್ಕೆ ಇದಕ್ಕಿಂತ ನ್ಯಾಯವಾದ ದಂಡ ಕಾಣೆ.) ಹದವಾದ ಎಣ್ಣೆ, ಒಳ್ಳೆಯ ಗಂಜಿ, ಹತ್ತಿನೂಲಿಗೆ ಬಲವೀಯುವ ತೇವದ ಗಾಳಿ, ಇವನ್ನು ಮೊದಲು ಒದಗಿಸಿಯೇ ವೇಗವನ್ನು ಬೇಡಬೇಕು.

ಆಟಕ್ಕೆಂದು ಕಂಪ್ಯೂಟರನ್ನು ನಿಗದಿಗಿಂತ ವೇಗವಾಗಿ ಓಡಿಸುವ ಇಂದಿನ ತರುಣರಿಗೂ ಲೆಕ್ಕ ಬೇರೆಯಲ್ಲ: ಪ್ರೊಸೆಸರಿನ ಶಾಖವು ವೋಲ್ಟೇಜಿನ ವರ್ಗವನ್ನನುಸರಿಸಿ ಏರುತ್ತದೆ. ಆದುದರಿಂದ ವೋಲ್ಟೇಜನ್ನು ಆದಷ್ಟು ಮುಟ್ಟದೆ, ವೇಗವನ್ನು ಮೆಟ್ಟಿಲುಮೆಟ್ಟಿಲಾಗಿ ಏರಿಸಿ, ಪ್ರತಿ ಮೆಟ್ಟಿಲಿನಲ್ಲೂ ಶಾಖವನ್ನು ಅಳೆದು ನೋಡಿರಿ.